ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ, ಕರಾವಳಿ ಸಿದ್ಧವಿದೆಯೇ?

ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮಲ್ಲಿ ಚಂಡಮಾರುತ. ಹೆಸರು ಬೇರೆಯಾದರೂ ವಿದ್ಯಮಾನ ಒಂದೇ. ಅದು ಹುಟ್ಟಲು ಬೇಕಾದ ಪರಿಸ್ಥಿತಿಗಳೂ ಒಂದೇ. ಆ ಪರಿಸ್ಥಿತಿಗಳು ನಮ್ಮ ಪಶ್ಚಿಮ ಕರಾವಳಿಯಾಚೆ ಹಿಂದಿಗಿಂತ ಹೆಚ್ಚಾಗಿ ಕೂಡಿಬರುತ್ತಿರುವುದು ಹವಾಮಾನ ತಜ್ಞರಷ್ಟೇ ಅಲ್ಲ, ಆಡಳಿತ ನಡೆಸುವವರೂ ಚಿಂತಿಸಬೇಕಾದ ಸಂಗತಿ.

ಮೊದಲನೆಯದಾಗಿ, ಸಮುದ್ರದ ಮೇಲ್ಮೈ ಉಷ್ಣಾಂಶ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರಬೇಕು. ಆ ಬಿಸಿ ಹಲವು ಮೀಟರ್ ಆಳದವರೆಗೂ ವ್ಯಾಪಿಸಿರಬೇಕು. ಇಲ್ಲವಾದರೆ ಗಾಳಿ ಕಡಲನ್ನು ಕಲಕಿದೊಡನೆ ಕೆಳಗಿನ ತಣ್ಣನೆಯ ನೀರು ಮೇಲೆ ಬಂದು ಚಂಡಮಾರುತದ ಕಸುವು ಕುಗ್ಗುತ್ತದೆ. ಎರಡನೆಯದಾಗಿ, ವಾತಾವರಣದ ಮಧ್ಯಸ್ತರದಲ್ಲಿ ಸಾಕಷ್ಟು ತೇವಾಂಶವಿರಬೇಕು. ಮೂರನೆಯದು, ಭೂಮಿಯ ಆವರ್ತನೆಯಿಂದ ಗಾಳಿಗೆ ದೊರೆಯುವ ತಿರುವು. ಸಮಭಾಜಕ ವೃತ್ತದ ಸಮೀಪ ಇದು ತೀರ ದುರ್ಬಲವಾದ್ದರಿಂದ ಅಲ್ಲಿ ಚಂಡಮಾರುತ ಹುಟ್ಟುವುದು ಅಪರೂಪ. ನಾಲ್ಕನೆಯದಾಗಿ, ಬೀಜರೂಪದ ವಾಯುಭಾರ ಕುಸಿತವೊಂದು ಮೊದಲೇ ಉಂಟಾಗಿರಬೇಕು. ಕೊನೆಯದಾಗಿ, ಕೆಳಸ್ತರ ಮತ್ತು ಮೇಲ್ಸ್ತರದ ಗಾಳಿಗಳ ವೇಗ, ದಿಕ್ಕುಗಳಲ್ಲಿ ಹೆಚ್ಚು ಅಂತರವಿರಬಾರದು. ಇದ್ದರೆ ಮೇಲೇರುವ ಮೋಡಗಳ ವ್ಯೂಹವೇ ಚದುರಿಹೋಗುತ್ತದೆ.

ಜುಲೈ-ಆಗಸ್ಟ್‌ನಲ್ಲಿ ಕಡಲು ಅಬ್ಬರಿಸಿದರೂ ಚಂಡಮಾರುತ ವಿರಳವಾಗಿರಲು ಈ ಕೊನೆಯ ಅಂಶವೇ ಮುಖ್ಯ ಕಾರಣ. ಆಗ ಕೆಳಗೆ ಮುಂಗಾರಿನ ನೈರುತ್ಯ ಮಾರುತ, ಮೇಲೆ ಪೂರ್ವದಿಂದ ಬೀಸುವ ಪ್ರಬಲ ಗಾಳಿ. ಅಪಾಯವಿರುವುದು ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ.

ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಹುಟ್ಟಿದರೆ ಅರಬ್ಬೀ ಸಮುದ್ರದಲ್ಲಿ ಒಂದು ಎಂಬುದು ಹಳೆಯ ಲೆಕ್ಕಾಚಾರ. ಆದರೆ 2019ರಲ್ಲಿ ಅರಬ್ಬೀ ಸಮುದ್ರವೊಂದರಲ್ಲೇ ಐದು ಹುಟ್ಟಿದವು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕರಾವಳಿಯನ್ನೂ ಬಾಧಿಸಿ ಗುಜರಾತನ್ನು ಅಪ್ಪಳಿಸಿತು. ಬಿಸಿಯಾದ ಕಡಲಿನ ಮೇಲೆ ಇವು ದಿಢೀರನೆ ಬಲಗೊಳ್ಳುವುದರಿಂದ ಎಚ್ಚರಿಕೆಗೆ ಸಿಗುವ ಕಾಲಾವಕಾಶವೂ ಕಡಿಮೆ. 2017ರ ‘ಓಖಿ’ಯ ಮುನ್ಸೂಚನೆ ಹೊರಬೀಳುವ ವೇಳೆಗೆ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಆಳ ಸಮುದ್ರದಲ್ಲಿದ್ದರು, ಅನೇಕರು ಮರಳಲಿಲ್ಲ.

ಪ್ರಕೃತಿಯ ಈ ಪರಿಸ್ಥಿತಿಗಳು ನಮ್ಮ ಹಿಡಿತದಲ್ಲಿಲ್ಲ. ಆದರೆ ಚಂಡಮಾರುತ ಮಹಾದುರಂತವಾಗಲು ಮತ್ತೊಂದು ಪರಿಸ್ಥಿತಿ ಬೇಕು. ಅದೇ ಆಡಳಿತದ ಅಸಿದ್ಧತೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಮಂದಿ ಬಲಿಯಾದರು. 2013ರಲ್ಲಿ ‘ಫೈಲಿನ್’ ಎರಗಿದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದ್ದರಿಂದ ಸಾವಿನ ಸಂಖ್ಯೆ ಹತ್ತಾರಕ್ಕೆ ಇಳಿಯಿತು. ಆಶ್ರಯತಾಣ, ಮುನ್ಸೂಚನೆ, ತಾಲೀಮುಗಳ ಮೇಲಿನ ವೆಚ್ಚಕ್ಕೆ ದೊರೆತ ಪ್ರತಿಫಲವಿದು.

ಪರಿಹಾರ ಧನ ಹಂಚುವುದು ಕಣ್ಣಿಗೆ ಬೀಳುತ್ತದೆ. ಸಂಭವಿಸದ ಸಾವು ಯಾರ ಕಣ್ಣಿಗೂ ಬೀಳದು. ಬಜೆಟ್ಟಿನಲ್ಲಿ ಪೂರ್ವಸಿದ್ಧತೆ ಹಿಂದೆ ಬೀಳುವುದು ಈ ಕಾರಣಕ್ಕೇ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಪ್ರತಿ ದೋಣಿಗೂ ಆಳ ಸಮುದ್ರದಲ್ಲಿ ಎಚ್ಚರಿಕೆ ತಲುಪಬೇಕು. ಆಶ್ರಯತಾಣದ ಬೀಗದ ಕೈ ಯಾರಲ್ಲಿದೆಯೆಂಬುದು ಊರಿಗೆಲ್ಲ ತಿಳಿದಿರಬೇಕು. ಒಡಿಶಾ ಅಪಾರ ಬೆಲೆ ತೆತ್ತು ಕಲಿತ ಪಾಠವನ್ನು ನಾವೂ ಅದೇ ಬೆಲೆ ತೆತ್ತು ಕಲಿಯಬೇಕಾಗಿಲ್ಲ.