ಅರಸನನ್ನು ಇಳಿಸಿದ್ದೇ ಕ್ರಾಂತಿಯೇ?

ಬಸವ ಜಯಂತಿಯ ವೇದಿಕೆಗಳಲ್ಲಿ ಒಂದು ಮಾತಿಗೆ ಚಪ್ಪಾಳೆ ಖಚಿತ: ಬಸವಣ್ಣನವರು ಸಿಂಹಾಸನವನ್ನೇ ಉರುಳಿಸಿದ ಕ್ರಾಂತಿಕಾರಿ. ನಾನೀಗ ನೆಲೆಸಿರುವ ಉಡುಪಿ ಬಳಿಯ ಮಟ್ಟುವಿನಲ್ಲಿ ನಮ್ಮವರು ವಿರಳ. ಇಲ್ಲಿಗೂ ಆ ಮಾತು ಮುಟ್ಟಿದೆ. ಗುಳ್ಳ ಬೆಳೆಯುವ ನೆರೆಯವರೊಬ್ಬರು, "ನಿಮ್ಮ ಬಸವಣ್ಣನವರು ರಾಜನನ್ನೇ ಇಳಿಸಿದವರಂತೆ, ಹೌದಾ ಮಾರಾಯ್ರೆ?" ಎಂದು ಮೆಚ್ಚುಗೆಯಿಂದಲೇ ಕೇಳಿದರು. ತಪ್ಪು ಅವರದಲ್ಲ. ಮೈಕಿನಲ್ಲಿ ಹೇಳಿಕೊಟ್ಟವರು ನಾವು.

ಆ ಕಾಲದಲ್ಲಿ ತನ್ನ ಒಡೆಯನನ್ನು ಇಳಿಸಿ ಗದ್ದುಗೆ ಏರಿದವನು ಒಬ್ಬನಿದ್ದ. ಅವನೇ ಬಿಜ್ಜಳ. ಚಾಲುಕ್ಯರ ಸಾಮಂತನಾಗಿದ್ದವನು ಮೂರನೆಯ ತೈಲಪನನ್ನು ಬದಿಗೆ ಸರಿಸಿ 1162ರ ಹೊತ್ತಿಗೆ ಸಾರ್ವಭೌಮ ಬಿರುದು ಧರಿಸಿದ. ಅರಸನನ್ನು ಇಳಿಸುವುದೇ ಕ್ರಾಂತಿಯಾದರೆ ನಾವು ಜಯಂತಿ ಮಾಡಬೇಕಾದದ್ದು ಬಿಜ್ಜಳನದು! ಅವನ ಬಳಿಕ ಕೂತವನು ಅವನ ಮಗ ಸೋವಿದೇವ. ಕಳಚೂರಿ ವಂಶ ಕಲ್ಯಾಣದಲ್ಲಿ ಮತ್ತೂ ಸುಮಾರು 15 ವರ್ಷ ಆಳಿತು. ಹಾಗಾದರೆ ಉರುಳಿದ ಸಿಂಹಾಸನ ಯಾವುದು? ಬಿಜ್ಜಳನ ಕೊಲೆಯನ್ನು ನಮ್ಮ ಪುರಾಣಗಳು ಜಗದೇವ ಮೊದಲಾದವರ ಹೆಸರಿನಲ್ಲಿ ಹೇಳುತ್ತವೆ, ಜೈನ ಕೃತಿಗಳ ಕಥೆ ಬೇರೆ. ಬಸವಣ್ಣನವರ ಅಪ್ಪಣೆ ಇತ್ತೆಂದು ಹೇಳುವ ಪುರಾಣವೂ ಉಂಟು. ಆ ಕವಿಗಳಿಗೆ ತಮ್ಮ ನಾಯಕ ಗೆಲ್ಲಲೇಬೇಕಿತ್ತು. ದಯೆಯನ್ನು ಬೋಧಿಸಿದವರ ಕೈಗೆ ಕಠಾರಿ ಕೊಡುವ ಉತ್ಸಾಹ ನನಗಂತೂ ಇಲ್ಲ.

ಕಲ್ಯಾಣ ಅಲುಗಾಡಿದ್ದು ಒಂದು ಮದುವೆಯಿಂದ. ಬ್ರಾಹ್ಮಣ ಮೂಲದ ಮಧುವರಸರ ಮಗಳು, ಸಮಗಾರ ಹರಳಯ್ಯನವರ ಮಗ. ಅರಸನ ಆಸ್ಥಾನ ಇದನ್ನು ವರ್ಣಸಂಕರ ಎಂದಿತು. ಶರಣರ ಉತ್ತರವನ್ನು ಗಮನಿಸಬೇಕು. ಬೇರೆ ಬೇರೆ ಜಾತಿಯವರು ಮದುವೆಯಾದರೆ ತಪ್ಪೇನು ಎಂದು ಅವರು ವಾದಿಸಲಿಲ್ಲ. ಇಷ್ಟಲಿಂಗ ಧರಿಸಿದ ದಿನವೇ ಇಬ್ಬರ ಜಾತಿಯೂ ಮುಗಿಯಿತು, ಇಲ್ಲಿ ಎರಡು ಜಾತಿ ಎಲ್ಲಿವೆ ಎಂಬುದು ಅವರ ನಿಲುವು. ಬೀಗರಿಬ್ಬರೂ ಎಳೆಹೂಟೆ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ನೆನೆಯುತ್ತದೆ. ಅವರು ಪ್ರಾಣ ಕೊಟ್ಟದ್ದು ಈ ಒಂದು ನಿಲುವಿಗೆ, ಪಟ್ಟಕ್ಕಲ್ಲ.

ಪಟ್ಟ ನಮ್ಮವರಿಗೂ ಸಿಕ್ಕಿತ್ತು, ಮರೆಯಬೇಡಿ. ಕೆಳದಿಯ ಅರಸರು ಲಿಂಗಾಯತರು. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವವರೆಗೆ ಎರಡೂವರೆ ಶತಮಾನ ಆಳಿದರು, ಈ ಕರಾವಳಿಯೂ ಅವರ ಕೈಗೆ ಬಂದಿತ್ತು. ಕೋಟೆ ಕಟ್ಟಿದರು, ಶಿವಪ್ಪನಾಯಕರ ಶಿಸ್ತು ಎಂಬ ಕಂದಾಯ ಪದ್ಧತಿ ತಂದರು. ಎಂಜಿನಿಯರನಾದ ನನಗೆ ಅದರ ಅಳತೆಯ ಅಚ್ಚುಕಟ್ಟಿನ ಮೇಲೆ ಬಹಳ ಗೌರವ. ಆದರೆ ಸಿಂಹಾಸನವೇ ಸಾಕಾಗಿದ್ದರೆ ಅಷ್ಟು ದೀರ್ಘ ಕಾಲದಲ್ಲಿ ಹರಳಯ್ಯನವರ ವಂಶದವರು ನಮ್ಮ ಪಂಕ್ತಿಗೆ, ನಮ್ಮ ನಂಟಿಗೆ ಬಂದಿರಬೇಕಿತ್ತಲ್ಲ? ಬರಲಿಲ್ಲ.

ಈಗಲೂ ಬಂದಿಲ್ಲ. ಬಸವಕಲ್ಯಾಣದಲ್ಲಿ 108 ಅಡಿಯ ಮೂರ್ತಿ ನಿಲ್ಲಿಸಿದ್ದೇವೆ, 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಗೂ ಬಸವಣ್ಣನವರು ತಲುಪಿದರು, 2024ರಲ್ಲಿ ರಾಜ್ಯ ಸರ್ಕಾರ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸಂತೋಷ. ಅದೇ ಭಾನುವಾರದ ಪತ್ರಿಕೆಯ ವಧು-ವರರ ಅಂಕಣ ತೆರೆಯಿರಿ. 'ಲಿಂಗಾಯತ' ಎಂಬ ಪದದ ಬೆನ್ನಿಗೇ ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ, ಜಂಗಮ. ಸಮಗಾರರ ಮಾತಿರಲಿ, ನಮ್ಮನಮ್ಮಲ್ಲೇ ಹೆಣ್ಣು ಕೊಡಲು ಹಿಂಜರಿಯುವವರು ಹರಳಯ್ಯನವರ ಭಾವಚಿತ್ರಕ್ಕೆ ಯಾವ ಮುಖದಿಂದ ಹೂ ಏರಿಸುತ್ತಾರೆ? ಲಿಂಗ ಕಟ್ಟಿಕೊಂಡವನನ್ನು "ಒಳಪಂಗಡ ಯಾವುದು?" ಎಂದು ಕೇಳುವವನು ನಿಂತಿರುವುದು ಬಿಜ್ಜಳನ ಆಸ್ಥಾನದಲ್ಲೇ, ಕೊರಳಲ್ಲಿ ಕರಡಿಗೆ ಇದ್ದರೂ.

ಪೂಜ್ಯರಲ್ಲಿ ನನ್ನ ಬಿನ್ನಹ ಚಿಕ್ಕದು. ತಮ್ಮ ಆಶ್ರಯದಲ್ಲಿ ನಡೆಯುವ ವಧು-ವರರ ಸಮಾವೇಶಗಳ ಅರ್ಜಿಯಲ್ಲಿ ಒಳಪಂಗಡದ ಕಾಲಂ ಇದ್ದರೆ ತೆಗೆಸಿರಿ. ದೀಕ್ಷೆ ಪಡೆದ ದಲಿತ ಕುಟುಂಬಗಳ ಮಕ್ಕಳ ಅರ್ಜಿಯನ್ನೂ ಅದೇ ಕಡತದಲ್ಲಿ ಇಡಿಸಿರಿ. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ. ಮುಂದಿನ ಬಸವ ಜಯಂತಿಯೊಳಗೆ ಹಾಗೆ ಮಾಡಿದ ಮಠಗಳ ಹೆಸರನ್ನು ಈ ಪತ್ರಿಕೆ ಮೊದಲ ಪುಟದಲ್ಲೇ ಅಚ್ಚು ಹಾಕಲಿ.