ಅತಿಥಿಯ ಕುರ್ಚಿ ಯಾರಿಗೆ?



ಕೆಲವು ವರ್ಷಗಳ ಹಿಂದೆ ಗಜೇಂದ್ರಗಡದಲ್ಲಿ ಸೇವಾ ಕ್ಲಬ್ಬೊಂದು ಏರ್ಪಡಿಸಿದ್ದ ಉಚಿತ ನೇತ್ರ ತಪಾಸಣಾ ಶಿಬಿರಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸಿದ್ದರು. ಕ್ಲಬ್ಬು ಯಾವುದೆಂದು ಹೇಳುವ ಅಗತ್ಯವಿಲ್ಲ. ಅಂದಿನ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ ಆಗಿತ್ತು. ಬೆಳಿಗ್ಗೆ ಒಂಬತ್ತು ಗಂಟೆಗಾಗಲೇ ಸುತ್ತಲಿನ ಹಳ್ಳಿಗಳ ವೃದ್ಧರು ಬಂದು ಸಾಲಾಗಿ ಕುಳಿತಿದ್ದರು. ಗಣ್ಯರೆನಿಸಿಕೊಂಡ ನಾವು ವೇದಿಕೆ ಏರಿದ್ದು ಹತ್ತೂವರೆಗೆ. ಪ್ರಾರ್ಥನಾ ಗೀತೆ, ಸ್ವಾಗತ, ದೀಪ ಬೆಳಗಿಸುವಿಕೆ, ಹೂಮಾಲೆ, ಶಾಲು, ಸ್ಮರಣಿಕೆ, ಪ್ರಾಸ್ತಾವಿಕ ನುಡಿ ಎಲ್ಲವೂ ಕ್ರಮವಾಗಿ ಮುಗಿದ ಮೇಲೆ ನನ್ನ ಸರದಿ ಬಂದಿತು. ಗುರುಮಠದಲ್ಲಿ ಕಲಿತ ತತ್ವಶಾಸ್ತ್ರವನ್ನೆಲ್ಲ ನೆನಪಿಗೆ ತಂದುಕೊಂಡು ‘ಬೆಳಕು’ ಎಂಬ ವಿಷಯದ ಮೇಲೆ ಮೂವತ್ತೈದು ನಿಮಿಷ ಮಾತನಾಡಿದೆ. ಎರಡನೆಯ ಸಾಲಿನಲ್ಲಿದ್ದ ವೃದ್ಧೆಯೊಬ್ಬಳು ನಡುವೆ ಎದ್ದು ನಿಂತು, “ಅಪ್ಪಾರ, ಕಣ್ಣ ಯಾವಾಗ ನೋಡ್ತೀರ್ರಿ? ನಮ್ಮೂರ ಬಸ್ಸಿಗೆ ಹೊತ್ತಾತ್ರಿ” ಎಂದಳು. ಎಲ್ಲರೂ ನಕ್ಕರು. ಕಾರ್ಯಕರ್ತರೊಬ್ಬರು ಬಂದು ಆಕೆಯನ್ನು ಮೆಲ್ಲನೆ ಕೂರಿಸಿದರು. ನಾನು ಮಾತು ಮುಂದುವರಿಸಿದೆ.

ಅಂದು ಆ ಸಭೆಯಲ್ಲಿ ಹೇಳಬೇಕಾದ ಮಾತನ್ನು ಹೇಳಿದವಳು ಆಕೆಯೊಬ್ಬಳೇ ಎಂಬುದು ಮನೆಗೆ ಮರಳಿದ ಮೇಲೆ ನನಗೆ ಹೊಳೆಯಿತು. ಆದರೆ ಧ್ವನಿವರ್ಧಕ ಇದ್ದುದು ನನ್ನ ಕೈಯಲ್ಲಿ. ಇಂದು ಈ ಲೇಖನದಲ್ಲಿ ನಾನು ವಾದಿಸಹೊರಟಿರುವುದು ಇಷ್ಟೇ: ಸೇವಾ ಸಂಸ್ಥೆಗಳ ವೇದಿಕೆಯ ಮೇಲಿರುವ ಅತಿಥಿಯ ಕುರ್ಚಿ ತಪ್ಪು ಜನರ ಪಾಲಾಗಿದೆ. ಅದು ನಮ್ಮಂಥ ಹೊಗಳುವವರಿಗೆ ಸಲ್ಲತಕ್ಕದ್ದಲ್ಲ. ಸೇವೆಯನ್ನು ಪಡೆಯುವವರಿಗೆ, ಸದಸ್ಯರ ಕೈಗೆ ಕೆಲಸ ಕೊಡಬಲ್ಲವರಿಗೆ ಸಲ್ಲತಕ್ಕದ್ದು.

ಸೇವಾ ಕ್ಲಬ್ಬುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವುಗಳ ಇತಿಹಾಸವನ್ನು ಬಲ್ಲವರು ಹಾಗೆ ಹಳಿಯಲಾರರು. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಸೇರಿದರು. ಅವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ದರ್ಜಿ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. ಬೇರೆ ಬೇರೆ ವೃತ್ತಿಯವರು ಒಂದೆಡೆ ಕಲೆತು, ಒಬ್ಬರ ಬದುಕನ್ನು ಇನ್ನೊಬ್ಬರು ಅರಿಯಬೇಕೆಂಬುದು ಆ ಸಭೆಗಳ ಮೂಲ ಆಶಯ. 1907ರಲ್ಲಿ ಆ ಕ್ಲಬ್ಬು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಸೇವೆ ಯಾವುದು ಗೊತ್ತೇ? ನಗರದ ಮಧ್ಯದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು! ಹೂಮಾಲೆಗೆ ಯೋಗ್ಯವಾದ ಕೆಲಸ ಅದಲ್ಲ. ಆದರೆ ಬೀದಿಯಲ್ಲಿ ನಡೆಯುವ ಮನುಷ್ಯನಿಗೆ ಅದಕ್ಕಿಂತ ಅಗತ್ಯವಾದದ್ದು ಯಾವುದಿತ್ತು? ನಮ್ಮೂರುಗಳ ಸಂತೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕಾಯಿಪಲ್ಲೆ ಮಾರುತ್ತ ಕೂರುವ ತಾಯಂದಿರನ್ನು ಒಮ್ಮೆ ಕೇಳಿ ನೋಡಿರಿ. ಅವರೂ ಬಹುಶಃ ಅದನ್ನೇ ಕೇಳಿಯಾರು. ಆದರೆ ಅವರನ್ನು ಕೇಳುವವರು ಯಾರು?

ಕೇಳುವ ಅಭ್ಯಾಸ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಸ್ಥಳೀಯ ಪತ್ರಿಕೆಗಳ ಚಿತ್ರಗಳೇ ಹೇಳುತ್ತವೆ. ಒಂದು ಹಣ್ಣಿನ ಪೊಟ್ಟಣಕ್ಕೆ ಹನ್ನೆರಡು ಕೈಗಳು. ಆ ಹನ್ನೆರಡು ಕೈಗಳ ನಡುವೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮುಖ ಮುಚ್ಚಿಕೊಳ್ಳಲೂ ಆಗದ ಒಬ್ಬ ರೋಗಿ. ಎಲ್ಲರೂ ನೋಡುತ್ತಿರುವುದು ಕ್ಯಾಮರಾವನ್ನು; ರೋಗಿಯನ್ನು ನೋಡುವವರಿಲ್ಲ. ಶಾಲೆಯ ಮಕ್ಕಳಿಗೆ ನೋಟುಪುಸ್ತಕ ಹಂಚುವ ಸಮಾರಂಭದಲ್ಲಿ ಮಕ್ಕಳು ಬಿಸಿಲಲ್ಲಿ, ಅತಿಥಿಗಳು ಶಾಮಿಯಾನದ ಕೆಳಗೆ. ವನಮಹೋತ್ಸವದಲ್ಲಿ ನೆಟ್ಟ ಸಸಿಗೆ ಮಾರನೆಯ ದಿನ ನೀರೆರೆಯುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ. ಅತಿಥಿ ಭಾಷಣಕಾರನ ಕೆಲಸ ಏನಾಗಿದೆ? ಕ್ಲಬ್ಬಿನ ಅಧ್ಯಕ್ಷರನ್ನು ಕೊಂಡಾಡುವುದು. ಅಧ್ಯಕ್ಷರ ಕೆಲಸ ಅತಿಥಿಯನ್ನು ಕೊಂಡಾಡುವುದು. ಈ ಪರಸ್ಪರ ಸೇವೆಗೆ ಬಡವನು ಸಾಕ್ಷಿ ಮಾತ್ರ.

ಅತಿಥಿಯ ಮಾತಿಗೆ ಬೇರೊಂದು ಶಕ್ತಿಯೂ ಇದೆ ಎಂಬುದಕ್ಕೆ ಲಯನ್ಸ್ ಸಂಸ್ಥೆಯ ಇತಿಹಾಸದಲ್ಲೇ ನಿದರ್ಶನವಿದೆ. 1917ರಲ್ಲಿ ಆರಂಭವಾದ ಆ ಸಂಸ್ಥೆಯ 1925ರ ಸಮಾವೇಶ ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆಯಿತು. ಅಲ್ಲಿಗೆ ಬಂದ ಅತಿಥಿ ಹೆಲೆನ್ ಕೆಲರ್. ಎರಡು ವರ್ಷ ತುಂಬುವ ಮೊದಲೇ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡಿದ್ದ ಮಹಿಳೆ ಆಕೆ. ಆಕೆ ಸಭಿಕರ ಔದಾರ್ಯವನ್ನು ಬಣ್ಣಿಸಿ ಹೋಗಲಿಲ್ಲ. ಅಂಧರ ಪರವಾಗಿ ಹೋರಾಡುವ ವೀರರಾಗಿರೆಂದು ನೇರವಾಗಿ ಕೇಳಿಕೊಂಡಳು. ಆ ಮಾತಿನ ಫಲವಾಗಿಯೇ ದೃಷ್ಟಿರಕ್ಷಣೆ ಲಯನ್ಸ್ ಸಂಸ್ಥೆಯ ಮುಖ್ಯ ಕಾರ್ಯಗಳಲ್ಲೊಂದಾಯಿತು. ಇಂದು ನಮ್ಮ ಸಣ್ಣ ಊರುಗಳವರೆಗೂ ಬಂದಿರುವ ಆ ಸಂಸ್ಥೆಯ ಕಣ್ಣಿನ ಶಿಬಿರಗಳಿಗೆ ಬೇರು ಇರುವುದು ಆ ಒಂದು ಭಾಷಣದಲ್ಲಿ. ಗಮನಿಸಿರಿ: ಅಂಧರ ಬಗ್ಗೆ ಮಾತನಾಡಲು ಕಣ್ಣುಳ್ಳ ಗಣ್ಯರೊಬ್ಬರನ್ನು ಅವರು ಕರೆಯಲಿಲ್ಲ. ಅಂಧಳೇ ಬಂದಳು, ಅಂಧಳೇ ಕೇಳಿದಳು. ಗಜೇಂದ್ರಗಡದ ಶಿಬಿರದಲ್ಲಿ ಎದ್ದು ನಿಂತ ವೃದ್ಧೆಯನ್ನು ನಾವು ಕೂರಿಸಿದೆವು. ಹೆಲೆನ್ ಕೆಲರ್‌ಗೆ ಅವರು ವೇದಿಕೆ ಕೊಟ್ಟರು. ವ್ಯತ್ಯಾಸ ಇರುವುದು ಇಲ್ಲಿಯೇ.

ದೂರದ ಅಮೆರಿಕದವರೆಗೆ ಹೋಗಬೇಕೆಂದಿಲ್ಲ. ನಮ್ಮ ಜಿಲ್ಲೆಯ ಗದಗ ಪಟ್ಟಣದ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದವರು ಯಾರಿದ್ದಾರೆ? ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ನೀಡಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರಂತೆಯೇ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು ಆ ಹೊಣೆಯನ್ನು 2010ರಲ್ಲಿ ತಮ್ಮ ಕೊನೆಯುಸಿರಿರುವವರೆಗೂ ಹೊತ್ತರು. ಆಶ್ರಮದ ಮಕ್ಕಳನ್ನು ಸಾಕಲು ಅವರು ನಾಟಕ ಕಂಪನಿಯನ್ನೇ ನಡೆಸಿದರು. ಭಕ್ತರು ಮಾಡಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಸಂದಿತು. ಅಲ್ಲಿ ಅಂಧ ಮಕ್ಕಳು ಕರುಣೆಯ ಪಾತ್ರಗಳಾಗಿ ಉಳಿಯಲಿಲ್ಲ; ಗಾಯಕರಾದರು, ವಾದಕರಾದರು, ಊರೂರುಗಳಲ್ಲಿ ಸಂಗೀತ ಕಲಿಸುವ ಗುರುಗಳಾದರು. ಕೊಡುವವರು ಮತ್ತು ಪಡೆಯುವವರ ನಡುವಿನ ಗೋಡೆ ಬಿದ್ದಲ್ಲಿ ಸೇವೆ ಎಂಥ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕೇ?

ಇನ್ನೊಂದು ಸಾಕ್ಷ್ಯವೂ ಇದೇ ಜಿಲ್ಲೆಯದು. ಷಿಕಾಗೊದಲ್ಲಿ ರೋಟರಿ ಹುಟ್ಟಿದ ಅದೇ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಭಾರತದ ಸಹಕಾರ ಚಳವಳಿಯ ತೊಟ್ಟಿಲು ಎಂದು ಆ ಹಳ್ಳಿ ಇಂದಿಗೂ ಹೆಸರಾಗಿದೆ. ಅಲ್ಲಿ ರೈತನು ಸಾಲ ಬೇಡಲು ಬಂದವನಷ್ಟೇ ಅಲ್ಲ. ಸಂಘದ ಸದಸ್ಯನೂ ಹೌದು, ಒಡೆಯನೂ ಹೌದು, ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಲ್ಲವನೂ ಹೌದು. ಸಹಕಾರ ಸಂಘಗಳಲ್ಲೂ ರಾಜಕೀಯ ಹೊಕ್ಕು ಕೆಡಿಸಿದ ಕಥೆ ನಮಗೆ ತಿಳಿಯದ್ದೇನಲ್ಲ. ಆದರೂ ಮೂಲ ತತ್ವ ಗಟ್ಟಿಯಾದದ್ದು: ಯಾರಿಗೆ ಕಷ್ಟವೋ ಅವರಿಗೇ ಮಾತು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. “ಫಾದರ್, ಸಮಾರಂಭವಿಲ್ಲದೆ ದಾನಿಗಳು ಬರುವುದಿಲ್ಲ; ಪತ್ರಿಕೆಯಲ್ಲಿ ಚಿತ್ರ ಬರದಿದ್ದರೆ ಹೊಸ ಸದಸ್ಯರು ಸೇರುವುದಿಲ್ಲ. ಹೆಸರಿನ ಆಸೆಯಿಂದಲಾದರೂ ನಾಲ್ಕು ಜನರಿಗೆ ಕಣ್ಣು ಬಂದರೆ ತಪ್ಪೇನು?” ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ದೃಷ್ಟಿ ಮರಳಿ ಪಡೆದವನು ದಾನಿಯ ಮನಸ್ಸನ್ನು ಪರೀಕ್ಷಿಸಲು ಹೋಗುವುದಿಲ್ಲ. ಆದರೆ ಪ್ರಚಾರದಲ್ಲಿ ಎರಡು ಬಗೆ. ಕಾರ್ಯದ ಪ್ರಚಾರ ಒಂದು, ಕರ್ತೃವಿನ ಪ್ರಚಾರ ಇನ್ನೊಂದು. 1985ರಲ್ಲಿ ರೋಟರಿ ಸಂಸ್ಥೆಯು ಜಗತ್ತಿನಿಂದ ಪೋಲಿಯೊ ರೋಗವನ್ನು ನಿರ್ಮೂಲ ಮಾಡುವ ಸಂಕಲ್ಪ ತೊಟ್ಟಿತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಅಭಿಯಾನ ಆರಂಭವಾಯಿತು. ಎರಡು ಹನಿ ಎಂಬ ಮಾತು ಗೋಡೆಗೋಡೆಗಳ ಮೇಲೆ ಕಾಣಿಸಿತು. ಆದರೆ ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು, ಸ್ವಯಂಸೇವಕರು ಮನೆಮನೆಗೆ ಅಲೆದಾಗ ಅವರ ಕೊರಳಿಗೆ ಯಾರೂ ಮಾಲೆ ಹಾಕಲಿಲ್ಲ. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಪ್ರಕರಣವೇ ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತಿಯ ಪ್ರಮಾಣಪತ್ರ ದೊರೆಯಿತು. ದಶಕಗಳ ಈ ದುಡಿಮೆಯನ್ನು ನಾನು ತಲೆಬಾಗಿ ಗೌರವಿಸುತ್ತೇನೆ. ಒಂದು ದಿನದ ಸಮಾರಂಭದಿಂದ ಇದು ಸಾಧ್ಯವಾಗುತ್ತಿತ್ತೇ? ಕಣ್ಣಿನ ಶಿಬಿರವೂ ಹಾಗೆಯೇ. ತಪಾಸಣೆ ಆರಂಭ ಮಾತ್ರ. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ವಾರಗಟ್ಟಲೆ ಹನಿಮದ್ದು ಹಾಕುವವರು ಬೇಕು, ಮರುತಪಾಸಣೆಗೆ ಕರೆದೊಯ್ಯುವವರು ಬೇಕು, ಇನ್ನೊಂದು ಕಣ್ಣನ್ನು ನೆನಪಿಡುವವರು ಬೇಕು. ಈ ಯಾವ ಕೆಲಸಕ್ಕೂ ವೇದಿಕೆ ಇಲ್ಲ.

ಇನ್ನು ನಮ್ಮವರ ಮಾತಿಗೆ ಬರುತ್ತೇನೆ. ಒಂದು ಕಾಲದಲ್ಲಿ ನಮ್ಮ ಧರ್ಮಸಭೆಯು ಈ ಕ್ಲಬ್ಬುಗಳನ್ನು ಸಂಶಯದಿಂದ ಕಂಡಿತ್ತು. ಗುರುಗಳು ರೋಟರಿಯ ಸದಸ್ಯರಾಗಕೂಡದೆಂದು 1951ರಲ್ಲಿ ರೋಮಿನಿಂದ ಆಜ್ಞೆಯೇ ಹೊರಟಿತ್ತು. ಕಾಲ ಸರಿದಂತೆ ಆ ಸಂಶಯ ಕರಗಿತು. 1979ರಲ್ಲಿ ರೋಮಿನಲ್ಲಿ ನಡೆದ ರೋಟರಿ ಸಮ್ಮೇಳನದ ಸದಸ್ಯರನ್ನು ಉದ್ದೇಶಿಸಿ ವಿಶ್ವಗುರು ಎರಡನೆಯ ಜಾನ್ ಪಾಲರೇ ಮಾತನಾಡಿದರು. ಇಂದು ಗುರುಗಳು ಕ್ಲಬ್ಬಿನ ವೇದಿಕೆಗೆ ಹೋಗುವುದು ಅಪರೂಪವಲ್ಲ. ನಮ್ಮ ಹಿರಿಯರು ಅಂಜಿದ್ದು ಅವರ ರೋಗ ನಮಗೆ ತಗುಲೀತೆಂದು. ನಿಜ ಹೇಳಬೇಕೆಂದರೆ, ಶಾಲು ಸ್ಮರಣಿಕೆಗಳ ರೋಗ ನಮ್ಮಲ್ಲಿ ಮೊದಲೇ ಇತ್ತು. ಧರ್ಮಕೇಂದ್ರದ ವಾರ್ಷಿಕ ಹಬ್ಬದ ದಿನ ಮುಂದಿನ ಸಾಲಿನ ಕುರ್ಚಿಗಳ ಮೇಲೆ ಯಾರ ಹೆಸರಿನ ಚೀಟಿ ಅಂಟಿಸಿರುತ್ತೇವೆ? ಬಡವರಿಗೆ ಸೀರೆ ಹಂಚುವಾಗ ಹೆಸರು ಕೂಗಿ ಕರೆದು ಚಿತ್ರ ತೆಗೆಸುವವರು ನಾವೂ ಅಲ್ಲವೇ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಬೋಧಿಸುವ ನಾವು, ಅದು ಜಿಲ್ಲೆಗೆಲ್ಲ ತಿಳಿಯುವಂತೆ ಮಾಡುತ್ತೇವೆ.

ಔತಣಕ್ಕೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಗೆ ಪ್ರಭು ಯೇಸು ಕೊಟ್ಟ ಉತ್ತರ ಸಂತ ಲೂಕನ ಶುಭಸಂದೇಶದಲ್ಲಿದೆ. ಮರಳಿ ಕರೆಯಬಲ್ಲ ಸಿರಿವಂತರನ್ನಲ್ಲ, ಮರಳಿ ಕರೆಯಲಾರದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂಬುದು ಆ ಉಪದೇಶದ ಸಾರ. ಅವರಿಗೆ ಊಟದ ಪೊಟ್ಟಣ ಕೊಟ್ಟು ಕಳುಹಿಸಿರೆಂದು ಆತ ಹೇಳಲಿಲ್ಲ. ಅತಿಥಿಗಳನ್ನಾಗಿ ಪಂಕ್ತಿಯಲ್ಲಿ ಕೂರಿಸಿರೆಂದ. ನಮ್ಮ ಶರಣರ ನಾಡಿಗೂ ಇದು ಹೊಸ ಮಾತಲ್ಲ. ದಾನ ಬೇರೆ, ದಾಸೋಹ ಬೇರೆ ಎಂದು ಅವರು ಬಗೆದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನು ದಾಸ, ಉಣ್ಣುವವನೇ ಅತಿಥಿ.

ಆದ್ದರಿಂದ ಸೇವಾ ಕ್ಲಬ್ಬುಗಳ ಗೆಳೆಯರಲ್ಲಿಯೂ, ನಮ್ಮ ಧರ್ಮಕೇಂದ್ರಗಳ ಸಂಘಗಳಲ್ಲಿಯೂ ನನ್ನದೊಂದು ಬಿನ್ನಹ. ಮುಂದಿನ ಸಭೆಗೆ ಮುಖ್ಯ ಅತಿಥಿಯಾಗಿ ಗಜೇಂದ್ರಗಡದ ನೇಕಾರರೊಬ್ಬರನ್ನು ಕರೆಯಿರಿ. ವಯಸ್ಸು ನಲವತ್ತು ದಾಟಿ ಹತ್ತಿರದ ದೃಷ್ಟಿ ಮಂಜಾದಾಗ ಮಗ್ಗದ ಮೇಲೆ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುವ ಕಷ್ಟವೇನು, ಒಂದು ಚಾಳೀಸು ಅವರ ದಿನದ ಗಳಿಕೆಯನ್ನು ಹೇಗೆ ಉಳಿಸೀತು ಎಂಬುದನ್ನು ಅವರೇ ಹೇಳಲಿ. ಅದರ ಮುಂದಿನ ತಿಂಗಳು ಪೌರಕಾರ್ಮಿಕರೊಬ್ಬರನ್ನು ಕರೆಯಿರಿ. ಆಮೇಲೆ, ಮಳೆ ಕೈಕೊಟ್ಟ ವರ್ಷ ಮಗ ಸೊಸೆ ಗೋವೆಗೋ ಮಂಗಳೂರಿಗೋ ಗುಳೆ ಹೋದಾಗ ಮೊಮ್ಮಕ್ಕಳೊಡನೆ ಊರಲ್ಲೇ ಉಳಿಯುವ ಅಜ್ಜಿಯನ್ನು. ಹೊಗಳಿರೆಂದು ಅವರನ್ನು ಕೇಳಬೇಡಿ. ನಾವು ಏನು ಮಾಡಬೇಕೆಂದು ಕೇಳಿರಿ. ಅವರು ಹೇಳಿದ ಕೆಲಸಗಳಲ್ಲಿ ಒಂದನ್ನಾದರೂ ಹಿಡಿಯಿರಿ. ಆರು ತಿಂಗಳ ನಂತರ ಅದೇ ಅತಿಥಿಯನ್ನು ಮತ್ತೆ ಕರೆದು, ಕೆಲಸ ಆಯಿತೋ ಇಲ್ಲವೋ ಎಂದು ಸಭೆಯೆದುರೇ ಹೇಳಿಸಿರಿ. ಪಡೆದವರ ಮುಖದ ಚಿತ್ರವನ್ನು ಮಾತ್ರ ದಯವಿಟ್ಟು ಪತ್ರಿಕೆಗೆ ಕೊಡಬೇಡಿ.

ಹೀಗೆ ಮಾಡಿದರೆ ಸಭೆಗಳು ಸ್ವಲ್ಪ ಇರುಸುಮುರುಸಿನವಾಗುತ್ತವೆ, ನಿಜ. ಚಪ್ಪಾಳೆ ಕಡಿಮೆಯಾಗುತ್ತದೆ. ಕೆಲವು ಸದಸ್ಯರು ಬಿಟ್ಟೂ ಹೋದಾರು. ಉಳಿದವರು ಮಾತ್ರ ಕೆಲಸಕ್ಕೆಂದೇ ಬಂದವರಾಗಿರುತ್ತಾರೆ.

ಅಂದಿನ ಆ ವೃದ್ಧೆಯ ಕಣ್ಣಿನ ತಪಾಸಣೆಯಾಯಿತೋ, ಅಥವಾ ಆಕೆ ಬಸ್ಸಿಗಾಗಿ ಹಾಗೆಯೇ ಎದ್ದು ಹೋದಳೋ ನನಗೆ ತಿಳಿಯದು. ಭಾಷಣ ಮುಗಿದೊಡನೆ ಸ್ಮರಣಿಕೆ ಹಿಡಿದು ಕಾರು ಹತ್ತಿದವನು ನಾನು. ಆಕೆಯ ಊರನ್ನಾಗಲಿ ಹೆಸರನ್ನಾಗಲಿ ಕೇಳಲಿಲ್ಲ. ಆ ಸ್ಮರಣಿಕೆ ಈಗಲೂ ನನ್ನ ಕಪಾಟಿನಲ್ಲಿದೆ; ಎಸೆಯಲು ಮನಸ್ಸಾಗಿಲ್ಲ, ಏಕೆಂದರೆ ಅದನ್ನು ಕಂಡಾಗಲೆಲ್ಲ ಆಕೆಯ ಪ್ರಶ್ನೆ ನೆನಪಾಗುತ್ತದೆ. ಈಗ ಯಾರಾದರೂ ನನ್ನನ್ನು ಅತಿಥಿಯಾಗಿ ಕರೆದರೆ, ವಿಷಯ ಏನೆಂದು ನಾನು ಮೊದಲು ಕೇಳುವುದಿಲ್ಲ. ಬಂದವರ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳುತ್ತೇನೆ.