ನಾಲ್ಕು ಯೂನಿಟ್ಟಿನ ಲೆಕ್ಕ

ಡಲ್ಲಾಸ್‌ನಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ಭಾನುವಾರ ಫೋನ್ ಮಾಡಿದ್ದ. "ಮಾವ, ಕರೆಂಟ್ ಪ್ಲಾನ್ ಮುಗೀತಾ ಬಂತು, ಹೊಸದು ಆರಿಸ್ಬೇಕು, ತಲೆ ಕೆಟ್ಟೋಗಿದೆ" ಅಂದ. ಟೆಕ್ಸಾಸ್‌ನ ಬಹುಭಾಗದಲ್ಲಿ ತಂತಿ ಎಳೆದವರು ಒಬ್ಬರು, ಕರೆಂಟ್ ಮಾರುವವರು ಹತ್ತಾರು ಮಂದಿ. ವರ್ಷಪೂರ್ತಿ ಒಂದೇ ದರ ಅನ್ನುವವನೊಬ್ಬ, ರಾತ್ರಿ ಪುಕ್ಕಟೆ ಕೊಟ್ಟು ಹಗಲಲ್ಲಿ ಬಡ್ಡಿ ಸಮೇತ ವಸೂಲು ಮಾಡುವವನು ಇನ್ನೊಬ್ಬ. "ನಿಮಗೆ ಈ ರಗಳೆ ಇಲ್ಲ ಬಿಡಿ" ಅಂದ ಹುಡುಗ.

ಇಲ್ಲ ಅಂತಲೇ ನಾನೂ ತಿಳಿದಿದ್ದೆ, 2024ರ ಮೇ ತಿಂಗಳವರೆಗೆ. ನಮ್ಮ ದಾವಣಗೆರೆಗೆ ಕರೆಂಟ್ ಕೊಡುವುದು ಬೆಸ್ಕಾಂ ಒಂದೇ. ದರ ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬಿಲ್ ಬಂದರೆ ಕಟ್ಟುವುದು, ಅಷ್ಟೇ. ಇದರಲ್ಲಿ ಆರಿಸುವುದೇನು ಬಂತು?

ಆ ಏಪ್ರಿಲ್‌ನ ಸೆಕೆ ನೆನಪಿದೆಯಲ್ಲ? ಗೋಡೆ ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು. ನನ್ನ ಹೆಂಡತಿಯ ಅಕ್ಕನ ಮನೆಯವರು ಹತ್ತು ದಿನ ಬಂದಿದ್ದರು. ಕೂಲರ್ ಹಗಲೂ ರಾತ್ರಿ ಓಡಿತು. ಮೇ ಮೊದಲ ವಾರ ಮೀಟರ್ ಓದುವ ಹುಡುಗ ಬಂದು ಚೀಟಿ ಹರಿದು ಕೊಟ್ಟ. 204 ಯೂನಿಟ್, 1,672 ರೂಪಾಯಿ! ಹಿಂದಿನ ತಿಂಗಳುಗಳಲ್ಲಿ ಸೊನ್ನೆ ಬರುತ್ತಿದ್ದ ಮನೆಗೆ.

ಮಕ್ಕಳೇ, ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಪೆನ್ಸಿಲ್ ತಗೊಳ್ಳಿ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ನುಂಗುತ್ತದೆ. ಗೃಹಜ್ಯೋತಿ ಯೋಜನೆ ಶುರುವಾದದ್ದು 2023ರ ಜುಲೈ ತಿಂಗಳ ಬಳಕೆಯಿಂದ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೆವೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಬರುವುದು ನಮ್ಮ ಅರ್ಹತೆ. ನಮ್ಮ ಸರಾಸರಿ 150, ಹತ್ತು ಪರ್ಸೆಂಟ್ ಸೇರಿ 165. ಅದರೊಳಗಿದ್ದರೆ ಬಿಲ್ ಸೊನ್ನೆ. 165 ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ ನಮ್ಮ ತಲೆಗೆ.

ಆಗಿನ ದರ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ, ಅದರ ಮೇಲೆ ನೂರಕ್ಕೆ 9 ತೆರಿಗೆ. ಸರಿಯಾಗಿ 200ಕ್ಕೆ ನಿಂತಿದ್ದರೆ 35 ಯೂನಿಟ್ಟಿಗೆ ತೆರಿಗೆ ಸೇರಿ 225 ರೂಪಾಯಿ. ನಿಂತದ್ದು 204ಕ್ಕೆ. ಆಗ 204ಕ್ಕೂ ದರ, ಅದಕ್ಕೆ ತೆರಿಗೆ, ಜತೆಗೆ ಕಿಲೋವ್ಯಾಟಿಗೆ 120ರಂತೆ ಮೂರು ಕಿಲೋವ್ಯಾಟಿಗೆ 360 ನಿಗದಿತ ಶುಲ್ಕ. ಒಟ್ಟು 1,672. ವ್ಯತ್ಯಾಸ 1,447. ಅಂದರೆ ಕೊನೆಯ ನಾಲ್ಕು ಯೂನಿಟ್ ಒಂದೊಂದಕ್ಕೂ 362 ರೂಪಾಯಿ ಹತ್ತಿರ ಬಿತ್ತು. ಎರಡು ಸಾವಿರ ವ್ಯಾಟಿನ ಗೀಸರನ್ನು ಎರಡು ಗಂಟೆ ಉರಿಸಿದರೆ ನಾಲ್ಕು ಯೂನಿಟ್, ಅಷ್ಟೇ. (ಇಂಧನ ಹೊಂದಾಣಿಕೆ ಶುಲ್ಕಕ್ಕೆ ತಿಂಗಳಿಗೊಂದು ಬಣ್ಣ, ಅದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.)

ಬ್ಯಾಂಕಿನಲ್ಲಿ ಹತ್ತು ಪೈಸೆ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟರವರೆಗೆ ಕೂತವನು ನಾನು. ಸುಮ್ಮನಿರಲಾಗಲಿಲ್ಲ. ಯಾರಿಂದ ಹೆಚ್ಚಾಯಿತು ಎಂದು ಹುಡುಕಿದೆ. ಹುಡುಕಿದ್ದು ಮಾತ್ರ ನಮ್ಮ ಮನೆಯೊಳಗಲ್ಲ.

ನಮ್ಮ ಹಿತ್ತಿಲಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಇದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿ ಓದುವ ಒಬ್ಬ ಮಗ. ನಮ್ಮ ಮೀಟರಿನಿಂದಲೇ ತಂತಿ ಎಳೆದು ಅವರಿಗೊಂದು ಸಬ್‌ಮೀಟರ್ ಹಾಕಿಸಿದ್ದೆ. ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಹಿಂದೆ ಯಾವತ್ತೋ ಆದ ಮಾತು. ಆ ತಿಂಗಳು ಅವರದು 52 ಯೂನಿಟ್, 416 ರೂಪಾಯಿ. "ಟೇಬಲ್ ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ಬೇಕಮ್ಮಾ, ಇನ್ನೂರು ದಾಟೋಯ್ತು" ಅಂದೆ. ಆಕೆ ಸೆರಗಿನಿಂದ ದುಡ್ಡು ಬಿಚ್ಚಿ ಎಣಿಸಿ ಕೊಟ್ಟರು. "ಆಯ್ತು ಅಪ್ಪಾಜಿ" ಅಂದರು.

ರಜೆಗೆ ಬಂದಿದ್ದ ಮೊಮ್ಮಗಳು ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಏಳನೇ ಕ್ಲಾಸು ಮುಗಿಸಿದ್ದಳು. ಒಳಗೆ ಬಂದ ಮೇಲೆ ಕೇಳಿದಳು. "ಅಜ್ಜ, ಹೋದ ತಿಂಗಳು ನಿಂಗೆ ಸೊನ್ನೆ ಬಿಲ್ ಬಂದಿತ್ತಲ್ಲ, ಆವಾಗ್ಲೂ ಆಂಟಿ ಹತ್ರ ರೊಕ್ಕ ಇಸ್ಕೊಂಡ್ಯಾ?"

ಇಸ್ಕೊಂಡಿದ್ದೆ. ಬಾಡಿಗೆಯ ಜತೆ ಬರುತ್ತಿದ್ದ ದುಡ್ಡು, ಅಭ್ಯಾಸ, ಯೋಚನೆ ಮಾಡಿರಲಿಲ್ಲ ಎಂದು ಹೇಳಬಹುದು. ಆದರೆ ಯೋಚನೆ ಮಾಡಿದ್ದೆ. ಮೊದಲ ಸೊನ್ನೆ ಬಿಲ್ ಬಂದ ದಿನವೇ ಹೊಳೆದಿತ್ತು, ಮುಂದಿನ ತಿಂಗಳು ನೋಡೋಣ ಎಂದು ಮುಂದೂಡಿದ್ದೆ. ಡೈರಿ ತೆಗೆದು ಕೂಡಿಸಿದೆ. 2023ರ ಆಗಸ್ಟಿನಿಂದ ಒಂಬತ್ತು ಬಿಲ್, ಅವರ ಲೆಕ್ಕಕ್ಕೆ 412 ಯೂನಿಟ್, 3,296 ರೂಪಾಯಿ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ನಮ್ಮ ಸರಾಸರಿ 150 ಆದದ್ದರಲ್ಲಿ ಆಕೆಯ ಮನೆಯ ನಲವತ್ತೈದು ಯೂನಿಟ್ಟೂ ಸೇರಿತ್ತು. ಆಕೆಯ ಬಳಕೆ ಸೇರಿದ್ದರಿಂದಲೇ ನಮ್ಮ ಅರ್ಹತೆ ದೊಡ್ಡದಾಗಿತ್ತು.

ಆಗ ಗೊತ್ತಾಯಿತು, ನಮ್ಮಲ್ಲೂ ಆರಿಸುವುದಿದೆ ಎಂದು. ಎರಡು ಮನೆ ಒಂದೇ ಮೀಟರಿನ ಕೆಳಗೆ ಇರಬೇಕೋ, ಬೇರೆಯಾಗಬೇಕೋ? ಹೊಸ ಸಂಪರ್ಕಕ್ಕೆ ಹಳೆಯ ಸರಾಸರಿ ಇರುವುದಿಲ್ಲ. ಹಾಗಾಗಿ ರಾಜ್ಯದ ಸರಾಸರಿ 53ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 58 ಯೂನಿಟ್ ಕೊಡುತ್ತಾರೆ. ಆಕೆಯದು ಅಂಥ ಬೇಸಿಗೆಯಲ್ಲೂ 52. ನಮ್ಮದು 204ರಲ್ಲಿ 52 ಕಳೆದರೆ 152, ಅದೂ 165ರೊಳಗೆ. ಬೇರೆಯಾದರೆ ಇಬ್ಬರಿಗೂ ಸೊನ್ನೆ. ಇದು ಸರ್ಕಾರಕ್ಕೆ ಟೋಪಿ ಹಾಕಿದ ಹಾಗಲ್ಲವೇ ಎಂದು ಒಂದು ರಾತ್ರಿ ಚಿಂತೆ ಹತ್ತಿತು. ಒಂದೇ ಸಂಸಾರ ಎರಡು ಮೀಟರ್ ಹಾಕಿಸಿಕೊಂಡರೆ ಅದು ಟೋಪಿ. ಇಲ್ಲಿ ಒಲೆ ಬೇರೆ, ಬಾಗಿಲು ಬೇರೆ, ಸಂಸಾರ ಬೇರೆ. ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ. ಬಾಡಿಗೆ ಕರಾರುಪತ್ರ, ಆಧಾರ್ ಇಟ್ಟುಕೊಂಡು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ನನಗೂ ಆಕೆಗೂ ಕರಾರುಪತ್ರವೇ ಇರಲಿಲ್ಲ, ಎಲ್ಲ ಬಾಯಿಮಾತು. ಛಾಪಾ ಕಾಗದ ತಂದು ಬರೆಸಿದೆ. ಮೀಟರು, ಠೇವಣಿ, ವೈರಿಂಗ್ ಖರ್ಚಿಗೆ ಆ 3,296 ಸಾಲಲಿಲ್ಲ, ಉಳಿದದ್ದನ್ನು ನಾನೇ ಹಾಕಿದೆ. ದುಡ್ಡು ವಾಪಸು ಅಂತ ಕೈಗೆ ಕೊಡಹೋದರೆ ಆಕೆ ತೆಗೆದುಕೊಳ್ಳುತ್ತಿರಲಿಲ್ಲ. ನನಗೂ ಆ ಮಾತು ಎತ್ತುವ ಧೈರ್ಯ ಇರಲಿಲ್ಲ ಅನ್ನಿ.

ನಿಗದಿತ ಶುಲ್ಕದ ಕಡೆಗೂ ಕಣ್ಣು ಹಾಯಿಸಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಂದು ಇರುತ್ತದಲ್ಲ, ಅದರ ಮೇಲೆ ಬೀಳುವ ದುಡ್ಡು ಇದು, ಮನೆಗೆ ಬೀಗ ಹಾಕಿ ಊರಿಗೆ ಹೋದರೂ ತಪ್ಪದು. ಮನೆ ಕಟ್ಟಿಸಿದಾಗ ಬಾವಿ ಮೋಟಾರಿಗೆಂದು ನಾನು ಮೂರು ಕಿಲೋವ್ಯಾಟ್ ಬರೆಸಿದ್ದೆ. ಬಾವಿ ಬತ್ತಿ ಎಷ್ಟು ಕಾಲವಾಯಿತೋ. ಅದೇ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆಯ ಅಂಕಿಯೂ ಇರುತ್ತದೆ, ನಮ್ಮದು ಒಂದೂವರೆ ದಾಟಿದ್ದಿಲ್ಲ. ಸೊನ್ನೆ ಬಿಲ್ ಬರುವಷ್ಟು ದಿನ ಇದು ಚುಚ್ಚುವುದಿಲ್ಲ, 200 ದಾಟಿದ ತಿಂಗಳು ಚುಚ್ಚುತ್ತದೆ. 2025ರ ಏಪ್ರಿಲ್‌ನಿಂದ ಯೂನಿಟ್ ದರ 5 ರೂಪಾಯಿ 80 ಪೈಸೆಗೆ ಇಳಿಯಿತು, ನಿಗದಿತ ಶುಲ್ಕ ಮಾತ್ರ ಕಿಲೋವ್ಯಾಟಿಗೆ 145ಕ್ಕೆ ಏರಿತು. ಅದರ ಮೇಲೆ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ. ಸ್ವತಃ ಪಿಂಚಣಿ ಉಣ್ಣುವವನು, ಇದಕ್ಕೆ ಗೊಣಗುವ ಬಾಯಿ ನನಗಿಲ್ಲ. ಲೋಡನ್ನು ಎರಡಕ್ಕೆ ಇಳಿಸಿ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಹೆಂಡತಿ ಇಂಡಕ್ಷನ್ ಒಲೆ ಬೇಕು ಅನ್ನುತ್ತಿದ್ದಾಳೆ, ಅದೊಂದು ತೀರ್ಮಾನವಾಗಲಿ ಎಂದು ಕಾಯುತ್ತಿದ್ದೇನೆ.

ಹೊಸ ಮೀಟರಿನ ಮೊದಲ ಸೊನ್ನೆ ಬಿಲ್ ಬಂದ ದಿನ ಆಕೆಯ ಮಗ ಅದನ್ನು ನನಗೆ ತೋರಿಸಲು ಓಡಿಬಂದ. ಆಮೇಲೆ ಒಂದು ಪ್ರಶ್ನೆ ಕೇಳಿದ. "ಅಜ್ಜಾರೇ, ಈಗ ರಾತ್ರಿಯೆಲ್ಲಾ ಫ್ಯಾನ್ ಹಾಕ್ಕೋಬಹುದಾ?" ಅವರದು 75 ವ್ಯಾಟಿನ ಹಳೇ ಫ್ಯಾನ್, ಹತ್ತು ಗಂಟೆಗೆ ಮುಕ್ಕಾಲು ಯೂನಿಟ್. ಇಬ್ಬರೂ ಕೂತು ಗೋಡೆಯ ಕ್ಯಾಲೆಂಡರಿನ ಮೇಲೆ ಲೆಕ್ಕ ಹಾಕಿದೆವು. ಮೂವತ್ತು ರಾತ್ರಿಗೆ ಇಪ್ಪತ್ತೆರಡೂವರೆ. ಬಲ್ಬು, ಟೀವಿ, ಮಿಕ್ಸಿಗೆ ಮೂವತ್ತೈದು ಉಳಿಯಿತು. "ಹಾಕ್ಕೋ" ಅಂದೆ.